ಹತ್ತು–ಹದಿನೈದು ರನ್ ಹಿಂದೆ ಬಿದ್ದಾಗ ಮಕ್ಕಳ ಬೇಸ್‌ಬಾಲ್ ತಂಡವನ್ನು ನಡೆಸುವ ಬಗೆ

ಬೇಸ್‌ಬಾಲ್‌ನಲ್ಲಿ ಸಾಮಾನ್ಯವಾಗಿ ಮೂರು ಔಟ್ ಸಿಗುವವರೆಗೆ ಎದುರಾಳಿ ಬ್ಯಾಟಿಂಗ್ ಬಿಡುವುದಿಲ್ಲ. ಕೆಲವು ಲೀಗ್‌ಗಳು ಪಂದ್ಯಕ್ಕೆ ಸಮಯದ ಮಿತಿ ಹಾಕಿರುತ್ತವೆ, ಆದರೂ ನಡೆಯುತ್ತಿರುವ ಇನಿಂಗ್ಸ್ ಮುಗಿಯಬೇಕಾದರೆ ಬಹುತೇಕ ಕಡೆ ಔಟ್ ಬೇಕೇ ಬೇಕು. ಮಕ್ಕಳ ಪಂದ್ಯದಲ್ಲಿ ಹೀನಾಯ ಸೋಲು ಅಷ್ಟೊಂದು ನೋಯಿಸುವುದು ಇದೇ ಕಾರಣಕ್ಕೆ. ಒಂಬತ್ತು ವರ್ಷದ ಪಿಚರ್ (ಬ್ಯಾಟರ್‌ಗೆ ಚೆಂಡೆಸೆಯುವ ಹುಡುಗ) ದಿಬ್ಬದ ಮೇಲೆ ಒಂಟಿಯಾಗಿ ನಿಂತು ಬಾಲ್ ಮೇಲೆ ಬಾಲ್ (ಗುರಿ ತಪ್ಪಿದ ಎಸೆತ) ಎಸೆಯುತ್ತಾನೆ, ರೈಟ್ ಫೀಲ್ಡ್‌ನಲ್ಲಿರುವ ಹುಡುಗಿ ಅರ್ಧ ಗಂಟೆ ಚೆಂಡನ್ನೇ ಮುಟ್ಟಿರುವುದಿಲ್ಲ, ಸ್ಕೋರ್‌ಬೋರ್ಡ್ ಮಾತ್ರ ಏರುತ್ತಿರುತ್ತದೆ.

ಇಂಥ ಹೊತ್ತಿನಲ್ಲಿ ಕೋಚ್ ಕೈಯಲ್ಲಿ ಉಳಿಯುವುದು ಮೂರು ಸಂಗತಿ: ಮುಂದಿನ ಔಟ್, ಮಕ್ಕಳ ತೋಳು, ಮತ್ತು ಮುಂದಿನ ಅಭ್ಯಾಸಕ್ಕೆ ಅವರೆಲ್ಲ ವಾಪಸ್ ಬರುವುದು. ಗೆಲುವು ಕೈತಪ್ಪಿದ ಕ್ಷಣದಿಂದ ಪ್ರತಿ ನಿರ್ಧಾರವನ್ನೂ ಈ ಮೂರಕ್ಕೆ ಹೊಂದಿಸಿ ತೆಗೆದುಕೊಳ್ಳಿ.

ಪಂದ್ಯಕ್ಕೆ ಮೊದಲೇ ಜೇಬಿನಲ್ಲಿ ಇರಬೇಕಾದ ಚೀಟಿ

ಸೋಲಿನ ನಡುವೆ ನಿಯಮಪುಸ್ತಕ ತಿರುವಿ ಹಾಕಲು ಪುರುಸೊತ್ತು ಇರುವುದಿಲ್ಲ. ಬೇಕಾದ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಲಿಟಲ್ ಲೀಗ್‌ನಲ್ಲಿ (ಮಕ್ಕಳ ಬೇಸ್‌ಬಾಲ್ ನಡೆಸುವ ಅಮೆರಿಕದ ಸಂಸ್ಥೆ) 12 ವರ್ಷದವರೆಗಿನ ಮಕ್ಕಳ ಪಂದ್ಯ 6 ಇನಿಂಗ್ಸ್‌ನದು. 3 ಇನಿಂಗ್ಸ್ ಮುಗಿದಾಗ 15 ರನ್, ಅಥವಾ 4 ಇನಿಂಗ್ಸ್ ಮುಗಿದಾಗ 10 ರನ್ ಅಂತರವಿದ್ದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ. ಕಿರಿಯರ ಮೈನರ್ ವಿಭಾಗದಲ್ಲಿ ಒಂದು ತಂಡ ಐದು ರನ್ ಗಳಿಸಿದ ಕೂಡಲೇ ಆ ಅರ್ಧ ಇನಿಂಗ್ಸ್, ಅಂದರೆ ಅವರ ಬ್ಯಾಟಿಂಗ್ ಸರದಿ, ಮುಗಿಯುತ್ತದೆ. ನಿಮ್ಮ ಲೀಗ್ ಬೇರೆಯದಾದರೆ ಅಂಕಿಗಳೂ ಬೇರೆ ಇರಬಹುದು, ಸ್ಥಳೀಯ ನಿಯಮವನ್ನು ಮೊದಲೇ ಕೇಳಿಕೊಳ್ಳಿ.

ಅದೇ ಚೀಟಿಯಲ್ಲಿ ಎಸೆತಗಳ ಲೆಕ್ಕವೂ ಇರಲಿ. ಲಿಟಲ್ ಲೀಗ್‌ನಲ್ಲಿ ದಿನಕ್ಕೆ 7–8 ವರ್ಷದವರಿಗೆ 50 ಎಸೆತ, 9–10ರವರಿಗೆ 75, 11–12ರವರಿಗೆ 85. ಇದು ಮೇಲಿನ ಮಿತಿ. ಏಕಪಕ್ಷೀಯ ಪಂದ್ಯದಲ್ಲಿ ಇದಕ್ಕಿಂತ ಹೆಚ್ಚು ಕೆಲಸಕ್ಕೆ ಬರುವುದು ವಿಶ್ರಾಂತಿಯ ಲೆಕ್ಕ. 14 ವರ್ಷದವರೆಗಿನ ಪಿಚರ್ 20 ಎಸೆತದೊಳಗೆ ನಿಂತರೆ ವಿಶ್ರಾಂತಿಯ ದಿನ ಬೇಕಿಲ್ಲ. 21ರಿಂದ 35ಕ್ಕೆ ಒಂದು ದಿನ, 36ರಿಂದ 50ಕ್ಕೆ ಎರಡು, 51ರಿಂದ 65ಕ್ಕೆ ಮೂರು, 66 ಮತ್ತು ಮೇಲ್ಪಟ್ಟರೆ ನಾಲ್ಕು ದಿನ. 41 ಎಸೆತ ಮುಟ್ಟಿದ ಪಿಚರ್ ಆ ದಿನ ಕ್ಯಾಚರ್ (ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು) ಆಗುವಂತಿಲ್ಲ. ನಾಲ್ಕು ಇನಿಂಗ್ಸ್ ಕ್ಯಾಚರ್ ಆಗಿ ಕೂತವರು ಆ ದಿನ ಪಿಚರ್ ಆಗುವಂತಿಲ್ಲ.

ಒಂದೇ ಇನಿಂಗ್ಸ್‌ನಲ್ಲಿ ಎಂಟು ರನ್ ಹೇಗೆ ಹೋಗುತ್ತವೆ

ಎದುರಾಳಿಗಳು ದೊಡ್ಡ ಹೊಡೆತ ಹೊಡೆದು ಎಂಟು ರನ್ ಗಳಿಸುವುದು ಮಕ್ಕಳ ಆಟದಲ್ಲಿ ಅಪರೂಪ. ಹೆಚ್ಚಿನವು ನಾವೇ ಪುಕ್ಕಟೆ ಕೊಟ್ಟ ಬೇಸ್‌ಗಳಿಂದ (ರನ್ ಪೂರೈಸಲು ಓಡಿ ಮುಟ್ಟಬೇಕಾದ ಗುರುತುಗಳು) ಬರುತ್ತವೆ. ಸಾಮಾನ್ಯವಾಗಿ ನಡೆಯುವುದು ಹೀಗೆ. ಮೊದಲ ಬ್ಯಾಟರ್‌ಗೆ ವಾಕ್, ಅಂದರೆ ನಾಲ್ಕು ಬಾಲ್ ಆಗಿ ಮೊದಲ ಬೇಸ್ ಪುಕ್ಕಟೆ. ಕ್ಯಾಚರ್ ಕೈತಪ್ಪಿದ ಚೆಂಡಿಗೆ ರನ್ನರ್ ಎರಡನೇ ಬೇಸ್‌ಗೆ. ಮತ್ತೊಂದು ವಾಕ್. ಆಮೇಲೆ ಶಾರ್ಟ್‌ಸ್ಟಾಪ್ (ಎರಡನೇ–ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಕಡೆಗೆ ನೆಲದ ಮೇಲೆ ಉರುಳಿಕೊಂಡು ಬರುವ ನಿಧಾನದ ಚೆಂಡು. ಹುಡುಗ ಅದನ್ನು ಹಿಡಿಯುತ್ತಾನೆ. ಮೂರನೇ ಬೇಸ್ ಕಡೆ ನೋಡುತ್ತಾನೆ, ತಡವಾಗಿದೆ. ಎರಡನೇ ಬೇಸ್ ಕಡೆ ತಿರುಗುತ್ತಾನೆ, ಅಲ್ಲಿ ಯಾರೂ ಬಂದಿಲ್ಲ. ಕೊನೆಗೆ ಕಾಲು ನೆಟ್ಟಗಿಲ್ಲದೆ ಮೊದಲ ಬೇಸ್‌ಗೆ ಎಸೆಯುತ್ತಾನೆ. ಚೆಂಡು ಬೇಲಿಗೆ ಹೋಗಿ ತಗಲುತ್ತದೆ, ರೈಟ್ ಫೀಲ್ಡರ್ ನಿಂತಲ್ಲೇ ನಿಂತಿದ್ದಾಳೆ. ಎರಡು ರನ್. ಆಕೆ ಗಾಬರಿಯಲ್ಲಿ ಹೋಮ್ ಪ್ಲೇಟ್‌ಗೆ (ಬ್ಯಾಟರ್ ನಿಲ್ಲುವ, ರನ್ ಪೂರ್ತಿಯಾಗುವ ಜಾಗ) ಎಸೆದ ಚೆಂಡು ಕ್ಯಾಚರ್‌ನನ್ನೂ ದಾಟುತ್ತದೆ. ಮೂರು ರನ್. ಇಡೀ ಸರಣಿಯಲ್ಲಿ ಒಂದೂ ಗಟ್ಟಿ ಹೊಡೆತವಿಲ್ಲ.

ಇಲ್ಲಿ ತಪ್ಪು ಆ ಎಸೆತದ್ದಲ್ಲ. ಚೆಂಡು ಕೈಗೆ ಬಂದ ಮೇಲೆ ಎಲ್ಲಿಗೆ ಎಸೆಯಬೇಕೆಂದು ಯೋಚಿಸಲು ಶುರುಮಾಡಿದ್ದು ತಪ್ಪು. ಪಿಚರ್ ಎಸೆಯುವ ಮೊದಲೇ ಆ ಉತ್ತರ ಅವನ ತಲೆಯಲ್ಲಿ ಇರಬೇಕಿತ್ತು.

ಇನಿಂಗ್ಸ್ ನಡೆಯುತ್ತಿರುವಾಗ: ರನ್ ಸೋರಿಕೆ ನಿಲ್ಲಿಸುವ ಕ್ರಮ

1. ಬೇಗ ಟೈಮ್ (ಆಟಕ್ಕೆ ಬಿಡುವು) ಕೇಳಿ. ಸತತ ಎರಡು ವಾಕ್ ಆದ ಕೂಡಲೇ, ಅಥವಾ ಒಂದು ಅಡ್ಡಾದಿಡ್ಡಿ ಎಸೆತಕ್ಕೆ ರನ್ ಹೋದ ಕೂಡಲೇ ದಿಬ್ಬಕ್ಕೆ ನಡೆದು ಹೋಗಿ. ಐದನೇ ರನ್ ಆದ ಮೇಲೆ ಹೋದರೆ ಮಕ್ಕಳು ಅದನ್ನು ಬೈಗುಳ ಅಂತಲೇ ತಿಳಿಯುತ್ತಾರೆ. ಲಿಟಲ್ ಲೀಗ್‌ನಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಒಬ್ಬ ಪಿಚರ್ ಬಳಿಗೆ ಮೂರನೇ ಸಲ ಹೋದರೆ ಅವನನ್ನು ಬದಲಿಸಲೇಬೇಕು, ಹಾಗಾಗಿ ಲೆಕ್ಕ ಇಟ್ಟುಕೊಳ್ಳಿ.

2. ಇನ್‌ಫೀಲ್ಡ್‌ನ (ಬೇಸ್‌ಗಳ ಸುತ್ತ ನಿಲ್ಲುವ) ಎಲ್ಲರನ್ನೂ ಕರೆಯಿರಿ, ಪಿಚರ್ ಒಬ್ಬನನ್ನೇ ಅಲ್ಲ. ಮೂವತ್ತು ಸೆಕೆಂಡ್ ಸಾಕು. "ಎಷ್ಟು ಔಟ್ ಆಗಿದೆ? ಚೆಂಡು ನಿನ್ನ ಹತ್ತಿರ ಬಂದರೆ ಎಲ್ಲಿಗೆ?" ಅಂತ ಒಬ್ಬೊಬ್ಬರನ್ನೂ ಕೇಳಿ, ಬಾಯಿಬಿಟ್ಟು ಹೇಳಿಸಿ. ದೊಡ್ಡ ಅಂತರವಿದ್ದಾಗ ಉತ್ತರ ಬಹುಪಾಲು ಒಂದೇ: ಮೊದಲ ಬೇಸ್.

3. ರನ್ ಕೊಟ್ಟು ಔಟ್ ಕೊಳ್ಳಿ. ಮೂರನೇ ಬೇಸ್‌ನಲ್ಲಿ ರನ್ನರ್ ಇದ್ದರೂ ಇನ್‌ಫೀಲ್ಡರ್‌ಗಳನ್ನು ಮುಂದೆ ಕರೆಯಬೇಡಿ, ಮಾಮೂಲಿ ಜಾಗದಲ್ಲೇ ನಿಲ್ಲಿಸಿ. 0–11 ಇದ್ದದ್ದು 0–12 ಆದರೆ ಏನೂ ಕೆಡುವುದಿಲ್ಲ, ಒಂದು ಔಟ್ ಸಿಕ್ಕರೆ ಮಕ್ಕಳ ಮುಖದ ಕಳೆಯೇ ಬೇರೆ. ಔಟ್‌ಫೀಲ್ಡರ್‌ಗಳಿಗೂ ಒಂದೇ ಮಾತು: ಹೋಮ್‌ಗೆ ಬೇಡ, ಎರಡನೇ ಬೇಸ್‌ಗೆ ಎಸೆ. ಔಟ್ ಸಿಗುವ ಹಾಗಿಲ್ಲದಿದ್ದರೆ ಚೆಂಡನ್ನು ಕೈಯಲ್ಲೇ ಇಟ್ಟುಕೊಂಡು ದಿಬ್ಬದ ಕಡೆ ಓಡಿ ಬರಲಿ. ಎಸೆಯದೆ ಉಳಿಸಿಕೊಂಡ ಚೆಂಡಿಗೆ ಜೋರಾಗಿ ಶಭಾಷ್ ಹೇಳಿ. ಈ ವಯಸ್ಸಿನಲ್ಲಿ ಎಸೆಯದೇ ಇರಲು ಎಸೆಯುವುದಕ್ಕಿಂತ ಹೆಚ್ಚು ಧೈರ್ಯ ಬೇಕು.

4. ಪಿಚರ್‌ಗೆ ಒಂದೇ ಒಂದು ಕೆಲಸ ಹೇಳಿ. "ಸ್ಟ್ರೈಕ್ ಹಾಕು" (ಪ್ಲೇಟ್ ಮೇಲೆ, ಗುರಿಯೊಳಗೆ ಎಸೆ) ಅನ್ನುವುದು ಕೆಲಸವಲ್ಲ, ಅದು ಅವನಿಗೂ ಗೊತ್ತು. ಕೋಚ್‌ಗಳು ಬೇಲಿಯಾಚೆಯಿಂದ ಅದನ್ನೇ ಕೂಗಿದಷ್ಟೂ ಮಗು ಗುರಿ ಇಟ್ಟು ತಳ್ಳಲು ಶುರುಮಾಡುತ್ತದೆ, ತೋಳು ಪೂರ್ತಿ ಸುತ್ತುವುದಿಲ್ಲ, ಚೆಂಡು ಇನ್ನಷ್ಟು ಚದುರುತ್ತದೆ. ಅದರ ಬದಲು ಮೈಗೆ ಮಾಡಲು ಏನಾದರೂ ಕೊಡಿ: ದಿಬ್ಬದಿಂದ ಕೆಳಗಿಳಿದು ಒಂದು ಉದ್ದನೆಯ ಉಸಿರು, ಆಮೇಲೆ ಕ್ಯಾಚರ್ ಗ್ಲೌಸ್ ಮೇಲೆ ಕಣ್ಣು. ವೈಂಡಪ್ (ಮೈ ತಿರುಗಿಸಿ ಎಸೆಯುವ ಪೂರ್ಣ ಶೈಲಿ) ಬಿಟ್ಟು ಸ್ಟ್ರೆಚ್‌ನಿಂದ (ಪಕ್ಕಕ್ಕೆ ನಿಂತು ಚುಟುಕಾಗಿ ಎಸೆಯುವ ಶೈಲಿ) ಎಸೆಯಲು ಹೇಳಿದರೂ ಪ್ರಯೋಜನವಿದೆ, ಕಾಲು–ಸೊಂಟದ ಚಲನೆ ಕಡಿಮೆಯಾದಷ್ಟೂ ತಪ್ಪುವ ಜಾಗಗಳು ಕಡಿಮೆ. ಕ್ಯಾಚರ್‌ಗೆ ಗ್ಲೌಸನ್ನು ಮೂಲೆಗೆ ಹಿಡಿಯದೆ ಪ್ಲೇಟ್‌ನ ನಟ್ಟನಡುವೆ ಹಿಡಿಯಲು ಹೇಳಿ. ಬ್ಯಾಟರ್ ಹೊಡೆದರೆ ಹೊಡೆಯಲಿ, ಪಿಚರ್ ಹಿಂದೆ ಏಳು ಜನ ಫೀಲ್ಡರ್‌ಗಳಿದ್ದಾರೆ.

5. ಕ್ಯಾಚರ್‌ನನ್ನು ಮರೆಯಬೇಡಿ. ಸೋಲುವ ಪಂದ್ಯದಲ್ಲಿ ಹೆಚ್ಚು ದಣಿಯುವುದು ಅವನೇ. ಮುಖವಾಡ, ಎದೆಗವಚ ಹೊತ್ತು ಕುಕ್ಕರುಗಾಲಲ್ಲಿ ಅರವತ್ತು ಚೆಂಡು ಹಿಡಿದವನು ಎದ್ದು ಹಿಂದಕ್ಕೆ ಓಡುವುದು ನಿಧಾನವಾಗುತ್ತದೆ, ಆಗ ಪ್ರತಿ ತಪ್ಪಿದ ಚೆಂಡಿಗೂ ಒಂದು ಬೇಸ್ ಹೋಗುತ್ತದೆ. ನೀರು ಕೊಡಿ, ಎರಡನೇ ಕ್ಯಾಚರ್ ಇದ್ದರೆ ಬದಲಿಸಿ.

ಪಿಚರ್ ಬದಲಾವಣೆ

ಒಂದೇ ಇನಿಂಗ್ಸ್‌ನಲ್ಲಿ ಎಸೆತಗಳು 25–30 ದಾಟುತ್ತಿದ್ದರೆ ಬದಲಿಸಿ. ದಿನದ ಮಿತಿ ಇನ್ನೂ ದೂರವಿದೆ ಅನ್ನುವುದು ಸಮಾಧಾನವಲ್ಲ. ನಡುವೆ ಕೂರದೆ ಒಂದೇ ಸಮನೆ ಎಸೆದ ಮೂವತ್ತು ಚೆಂಡು, ಮೂರು ಇನಿಂಗ್ಸ್‌ಗೆ ಹಂಚಿಹೋದ ಮೂವತ್ತಕ್ಕಿಂತ ತೋಳಿಗೆ ಭಾರ. ದಣಿವಿನ ಗುರುತುಗಳು ಕಣ್ಣಿಗೆ ಕಾಣುತ್ತವೆ: ಚೆಂಡು ಒಂದೇ ಸಮನೆ ಮೇಲಕ್ಕೆ ಹೋಗುವುದು, ಮೊಣಕೈ ಭುಜಕ್ಕಿಂತ ಕೆಳಗಿಳಿಯುವುದು, ಎರಡು ಎಸೆತಗಳ ನಡುವೆ ಹೊತ್ತು ಹೆಚ್ಚಾಗುವುದು, ತೋಳು ಒದರಿಕೊಳ್ಳುವುದು. ನೋವು ಅಂದರೆ ಆ ಕ್ಷಣವೇ ನಿಲ್ಲಿಸಿ, ಎರಡನೇ ಮಾತಿಲ್ಲ.

ಬದಲಾವಣೆಯನ್ನು 20, 35, 50ರ ಗಡಿಗೆ ಹೊಂದಿಸಿ. ಒಂಬತ್ತು ರನ್ ಹಿಂದಿರುವಾಗ ಪಿಚರ್‌ನ ಲೆಕ್ಕ 33ಕ್ಕೆ ಬಂದಿದೆ ಅನ್ನಿ. ಆ ಬ್ಯಾಟರ್‌ನೊಂದಿಗೇ ಮುಗಿಸಿದರೆ ಒಂದು ದಿನದ ವಿಶ್ರಾಂತಿ ಸಾಕು. ಬ್ಯಾಟರ್ ಎದುರಿಗಿರುವಾಗಲೇ 35 ದಾಟಿದರೂ, ಅವನ ಸರದಿ ಮುಗಿಸಿ ಮುಂದಿನವನಿಗೆ ಎಸೆಯದೆ ಇಳಿದರೆ ಲಿಟಲ್ ಲೀಗ್ ನಿಯಮದಲ್ಲಿ 35ರ ವಿಶ್ರಾಂತಿಯೇ ಅನ್ವಯಿಸುತ್ತದೆ. ಸೋತ ಪಂದ್ಯಕ್ಕಾಗಿ ಇನ್ನೂ ಹತ್ತು ಎಸೆತ ಹಾಕಿಸಿದರೆ ಎರಡು ದಿನ ಹೋಗುತ್ತದೆ, ಮುಂದಿನ ಪಂದ್ಯಕ್ಕೆ ಅವನಿರುವುದಿಲ್ಲ.

ಬದಲಿಗೆ ಯಾರು? ವೇಗವಾಗಿ ಎಸೆಯುವವರಿಗಿಂತ ಪ್ಲೇಟ್ ಮೇಲೆ ಎಸೆಯುವವರು. ಎಂದೂ ಎಸೆಯದ ಮಗುವನ್ನು "ಹೇಗೂ ಸೋತಿದ್ದೇವೆ" ಅಂತ ದಿಬ್ಬಕ್ಕೆ ತಳ್ಳುವುದು ಅನ್ಯಾಯ. ಅವಕಾಶ ಕೊಟ್ಟೆವೆಂದು ನಿಮಗನ್ನಿಸಬಹುದು, ಮಗುವಿನ ನೆನಪಿನಲ್ಲಿ ಉಳಿಯುವುದು ಎಂಟು ವಾಕ್. ಅಭ್ಯಾಸದಲ್ಲಿ ಎಸೆದು ರೂಢಿಯಿರುವ ಮೂರನೇ, ನಾಲ್ಕನೇ ಪಿಚರ್‌ಗೆ ಮಾತ್ರ ಇದು ಒಳ್ಳೆಯ ಸಮಯ. ಮೊದಲ ವಾಕ್ ಆದಾಗಲೇ ಅವರ ತೋಳು ಬಿಸಿಮಾಡಿಸಲು ಶುರುಮಾಡಿ, ದಿಬ್ಬದ ಮೇಲಿನ ಕೆಲವೇ ಪ್ರಯೋಗದ ಎಸೆತಗಳಿಗೆ ತೋಳು ಹದಕ್ಕೆ ಬರುವುದಿಲ್ಲ.

ಇಳಿಯುವ ಪಿಚರ್‌ನ ಕಣ್ಣಮಟ್ಟಕ್ಕೆ ಬಗ್ಗಿ ಮಾತಾಡಿ. "ನಿನ್ನ ಎಸೆತದ ಲೆಕ್ಕ ಮುಗಿಯಿತು, ಈಗ ಎರಡನೇ ಬೇಸ್‌ನಲ್ಲಿ ನೀನು ಬೇಕು" ಅಂದರೆ ಅದು ಕಾರಣವೂ ಹೌದು, ಕೆಲಸವೂ ಹೌದು. ಅಳುತ್ತಿದ್ದರೆ ಮೊದಲು ಶೂ ಲೇಸ್ ಕಟ್ಟಿಕೊಳ್ಳಲು ಹೇಳಿ, ನೀವು ಅವನಿಗೂ ಸ್ಟ್ಯಾಂಡ್‌ಗೂ ನಡುವೆ ನಿಂತುಕೊಳ್ಳಿ. ಬೆಂಚಿಗೆ ಕಳಿಸುವುದಕ್ಕಿಂತ ಅವನಿಗೆ ಇಷ್ಟದ ಫೀಲ್ಡಿಂಗ್ ಜಾಗ ಕೊಡುವುದು ಒಳ್ಳೆಯದು, ಬೆಂಚಿನಲ್ಲಿ ಕೂತವನಿಗೆ ಯೋಚಿಸಲು ಅದೊಂದೇ ವಿಷಯ ಇರುತ್ತದೆ.

ಡಗ್‌ಔಟ್ ಮತ್ತು ಬ್ಯಾಟಿಂಗ್

ಫೀಲ್ಡಿಂಗ್ ಮುಗಿಸಿ ಬರುವಾಗ ಫೌಲ್ ಲೈನ್ (ಅಂಗಳದ ಅಂಚಿನ ಗೆರೆ) ಹತ್ತಿರವೇ ಇಪ್ಪತ್ತು ಸೆಕೆಂಡ್ ಗುಂಪು ಸೇರಿಸಿ. ಹಳೆಯ ಸ್ಕೋರ್ ಬಿಡಿ, "ಈ ಇನಿಂಗ್ಸ್ 0–0" ಅನ್ನಿ. ಒಂದೇ ಒಂದು ಗುರಿ ಕೊಡಿ, ಎಣಿಸಲು ಬರುವಂಥದ್ದು: ಮೂವರು ಬ್ಯಾಟರ್‌ಗಳಿಗೆ ಮೊದಲ ಎಸೆತವೇ ಸ್ಟ್ರೈಕ್, ಅಥವಾ ಬೇಸ್ ಮೇಲೆ ಇಬ್ಬರು. ಗುರಿ ಮುಟ್ಟಿದಾಗ 14–1 ಇದ್ದರೂ ಸಂಭ್ರಮಿಸಿ.

ಖಾಲಿ ಕೂತ ಮಕ್ಕಳೇ ಬೇರೆಯವರನ್ನು ದೂರಲು ಶುರುಮಾಡುವುದು. ಒಬ್ಬರಿಗೆ ಎಸೆತ ಎಣಿಸುವ ಕ್ಲಿಕ್ಕರ್, ಒಬ್ಬರಿಗೆ ಹೆಲ್ಮೆಟ್–ಬ್ಯಾಟ್, ಒಬ್ಬರಿಗೆ ಎದುರಾಳಿ ಪಿಚರ್‌ನ ಮೊದಲ ಎಸೆತ ಬಾಲೋ ಸ್ಟ್ರೈಕೋ ಅಂತ ಗುರುತುಹಾಕುವ ಕೆಲಸ ಹಂಚಿ. ತಪ್ಪಾದ ಮೇಲೆ ಮಾಡುವ ಒಂದು ಸಣ್ಣ ಸನ್ನೆಯನ್ನೂ ತಂಡಕ್ಕೆ ಕಲಿಸಿಡಿ: ಒಂದು ಚಿಟಿಕೆ ಹುಲ್ಲು ಕಿತ್ತು ಬಿಸಾಡುವುದು, ಟೋಪಿ ಮುಟ್ಟಿಕೊಳ್ಳುವುದು, ಯಾವುದಾದರೂ ಸರಿ. ಅಮೆರಿಕದ ಪಾಸಿಟಿವ್ ಕೋಚಿಂಗ್ ಅಲಯನ್ಸ್ ಸಂಸ್ಥೆ ಇದನ್ನು ಕೋಚ್‌ಗಳಿಗೆ ಬಹುಕಾಲದಿಂದ ಹೇಳಿಕೊಡುತ್ತಿದೆ. ಡಗ್‌ಔಟ್‌ನಲ್ಲಿರುವವರೂ ಅದೇ ಸನ್ನೆ ಮಾಡಿದಾಗ, ದೂರದಲ್ಲಿ ನಿಂತ ಮಗುವಿಗೆ ಸಂದೇಶ ತಲುಪುತ್ತದೆ.

ಬ್ಯಾಟಿಂಗ್‌ನಲ್ಲಿ ಒಂದೇ ಹೊಡೆತಕ್ಕೆ ಹನ್ನೆರಡು ರನ್ ಬರುವುದಿಲ್ಲವಾದ್ದರಿಂದ ಬಂಟ್ (ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟುವುದು) ಮಾಡಿ ಔಟ್ ಕೊಡುವುದು, ಅಪಾಯದ ಬೇಸ್ ಕಳ್ಳತನ (ಹೊಡೆತವಿಲ್ಲದೆಯೇ ಮುಂದಿನ ಬೇಸ್‌ಗೆ ಓಡುವುದು) ಎರಡನ್ನೂ ಬಿಡಿ. ವಾಕ್ ಸಿಗಲಿ ಅಂತ ಬ್ಯಾಟ್ ಬೀಸದೆ ನಿಲ್ಲಿಸುವ ಕೋಚ್‌ಗಳಿದ್ದಾರೆ, ಅದನ್ನು ಒಪ್ಪಲಾಗದು. ಸ್ಕೋರ್ ಭಯದಲ್ಲಿ ಮೊದಲೇ ಮರಗಟ್ಟಿದ ಮಗು ಮೂರನೇ ಸ್ಟ್ರೈಕನ್ನೂ ನೋಡುತ್ತಾ ನಿಂತು ಔಟ್ ಆಗುತ್ತದೆ. ಮೊದಲ ಎರಡು ಸ್ಟ್ರೈಕ್‌ಗಳಲ್ಲಿ ಒಂದಕ್ಕಾದರೂ ಪೂರ್ತಿ ಬೀಸಲಿ, ಚೆಂಡು ಎಲ್ಲಿಗೆ ಹೋದರೂ ಮೊದಲ ಬೇಸ್ ದಾಟುವವರೆಗೆ ಓಡಲಿ.

ಕಡಿಮೆ ಆಡಿದವರನ್ನು ಇಳಿಸುವುದು ಸರಿಯೇ, ಜಾಗ ಮಾತ್ರ ನೋಡಿ ಕೊಡಿ. ಲಿಟಲ್ ಲೀಗ್ ಅಂಗಳದಲ್ಲಿ ಬೇಸ್‌ಗಳ ನಡುವೆ 60 ಅಡಿ, ಪಿಚರ್‌ಗೂ ಪ್ಲೇಟ್‌ಗೂ ನಡುವೆ 46 ಅಡಿ ಅಷ್ಟೇ. ಬಲವಾಗಿ ಹೊಡೆಯುವ ತಂಡದೆದುರು ಹೊಸಬರನ್ನು ಮೂರನೇ ಬೇಸ್‌ನಲ್ಲೋ ದಿಬ್ಬದಲ್ಲೋ ನಿಲ್ಲಿಸಿದರೆ ಮುಖಕ್ಕೆ ಚೆಂಡು ಬೀಳಬಹುದು. ಎರಡನೇ ಬೇಸ್, ಔಟ್‌ಫೀಲ್ಡ್ ಸುರಕ್ಷಿತ.

ಎದುರಾಳಿ 14–0 ಇದ್ದಾಗಲೂ ಬೇಸ್ ಕದಿಯುತ್ತಿದ್ದರೆ ಡಗ್‌ಔಟ್‌ನಿಂದ ಕೂಗಾಡಬೇಡಿ. ಹೇಳಬೇಕೆನಿಸಿದರೆ ಇನಿಂಗ್ಸ್ ನಡುವೆ ಆ ಕೋಚ್ ಬಳಿ ಹೋಗಿ ಮೆಲ್ಲಗೆ ಕೇಳಿ, ಮಕ್ಕಳೆದುರು ಬೇಡ. ಬೇಕಂತಲೇ ಔಟ್ ಆಗಿ ಎಂದು ಮಾತ್ರ ಕೇಳಬೇಡಿ. ಹಾಗೆ ಬಿಟ್ಟುಕೊಟ್ಟ ಔಟ್ ಮಕ್ಕಳಿಗೆ ಕೂಡಲೇ ಗೊತ್ತಾಗುತ್ತದೆ, ಸೋಲಿಗಿಂತ ಅದೇ ಹೆಚ್ಚು ಕೊರೆಯುತ್ತದೆ.

ಪಂದ್ಯ ಮುಗಿದ ಮೇಲಿನ ಐದು ನಿಮಿಷ

ಕೈಕುಲುಕಿದ ಮೇಲೆ ತಂಡವನ್ನು ಔಟ್‌ಫೀಲ್ಡ್ ಹುಲ್ಲಿಗೆ ಕರೆದೊಯ್ಯಿರಿ, ತಂದೆತಾಯಂದಿರಿಂದ ದೂರಕ್ಕೆ. ಮಕ್ಕಳು ಸ್ಕೋರ್‌ಬೋರ್ಡ್‌ಗೆ ಬೆನ್ನು ಹಾಕಿ ಕೂರಲಿ, ನೀವೂ ಮಂಡಿಯೂರಿ. ಮೂರು ನಿಮಿಷ ದಾಟಬಾರದು. ಮಾತು ಹೀಗಿರಬಹುದು:

"ಇವತ್ತು 16–2ಕ್ಕೆ ಸೋತೆವು. ಬೇಜಾರಾಗಿದೆ, ನನಗೂ ಆಗಿದೆ. ನಾಲ್ಕನೇ ಇನಿಂಗ್ಸ್‌ನಲ್ಲಿ ಚೆಂಡು ಹೋಮ್‌ಗೆ ಎಸೆಯದೆ ಎರಡನೇ ಬೇಸ್‌ಗೆ ಕೊಟ್ಟಿರಿ, ಅಲ್ಲೊಂದು ಔಟ್ ಸಿಕ್ಕಿತು. ಆರನೇ ಬ್ಯಾಟರ್ ಎರಡು ಸ್ಟ್ರೈಕ್ ಆದ ಮೇಲೂ ನಾಲ್ಕು ಚೆಂಡು ಫೌಲ್ ಮಾಡಿ ನಿಂತಳು. ನಮಗೆ ಕಲಿಯಬೇಕಾದದ್ದು ಒಂದು: ಮೊದಲ ಬೇಸ್ ಹಿಂದೆ ಬ್ಯಾಕಪ್. ಮಂಗಳವಾರ ಅದನ್ನೇ ಮಾಡೋಣ. ಈಗ ನೀರು ಕುಡಿಯಿರಿ."

ಸ್ಕೋರ್ ಮುಚ್ಚಿಡದೆ ಹೇಳಬೇಕು, ಕಣ್ಣಾರೆ ಕಂಡ ಎರಡು ಒಳ್ಳೆಯ ಸಂಗತಿ ಹೇಳಬೇಕು, ತಿದ್ದುವುದು ಒಂದೇ. "ಎಲ್ಲರೂ ಚೆನ್ನಾಗಿ ಆಡಿದಿರಿ" ಅನ್ನುವುದು ಸುಳ್ಳೆಂದು ಎಂಟು ವರ್ಷದ ಮಗುವಿಗೂ ಗೊತ್ತಾಗುತ್ತದೆ, ಆಮೇಲೆ ನಿಮ್ಮ ನಿಜವಾದ ಹೊಗಳಿಕೆಗೂ ಬೆಲೆ ಇರುವುದಿಲ್ಲ. "ನಿಮಗೆ ಆಸೆಯೇ ಇರಲಿಲ್ಲ" ಅನ್ನುವುದು, ಶಿಕ್ಷೆಗೆ ಓಡಿಸುವುದು, ಯಾರದೇ ತಪ್ಪನ್ನು ಎಲ್ಲರ ಮುಂದೆ ಎತ್ತುವುದು ಬೇಡವೇ ಬೇಡ. ಪಿಚರ್, ಕ್ಯಾಚರ್ ಮತ್ತು ಅತ್ತ ಮಗುವಿನ ಜೊತೆ ಹೊರಡುವ ಮುಂಚೆ ಅರ್ಧ ನಿಮಿಷ ಬೇರೆಯಾಗಿ ಮಾತಾಡಿ. ತಂದೆತಾಯಂದಿರಿಗೆ ಒಂದೇ ಕೋರಿಕೆ: ಕಾರಿನಲ್ಲಿ ಪಂದ್ಯದ ವಿಷಯ ಮಗುವೇ ತೆಗೆಯುವವರೆಗೆ ಸುಮ್ಮನಿರಿ.

ಇದೆಲ್ಲ ಬರೀ ಮೆತ್ತಗಿನ ಮಾತಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರಾದ ರೊನಾಲ್ಡ್ ಸ್ಮಿತ್ ಮತ್ತು ಫ್ರಾಂಕ್ ಸ್ಮೋಲ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ ಪ್ರೋತ್ಸಾಹ ಮತ್ತು ತಿದ್ದುವ ವಿಧಾನದಲ್ಲಿ ತರಬೇತಿ ಕೊಟ್ಟು ನೋಡಿದ್ದಾರೆ. 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತರಬೇತಿ ಪಡೆಯದ ಕೋಚ್‌ಗಳ ತಂಡದಿಂದ ಮುಂದಿನ ಋತುವಿಗೆ ಶೇ 26ರಷ್ಟು ಮಕ್ಕಳು ಬರಲಿಲ್ಲ, ತರಬೇತಿ ಪಡೆದವರ ತಂಡದಲ್ಲಿ ಬಾರದವರು ಶೇ 5. ಎರಡೂ ಗುಂಪಿನ ಸೋಲು–ಗೆಲುವಿನಲ್ಲಿ ವ್ಯತ್ಯಾಸ ಇರಲಿಲ್ಲ.

ರಾತ್ರಿ ಸ್ಕೋರ್‌ಪುಸ್ತಕ, ಆಮೇಲೆ ಅಭ್ಯಾಸ

ಸ್ಕೋರ್‌ಪುಸ್ತಕ ತೆರೆದು ನಾಲ್ಕು ಕಲಂ ಎಳೆಯಿರಿ: ವಾಕ್ ಮತ್ತು ಮೈಗೆ ತಗಲಿದ ಚೆಂಡು, ಕ್ಯಾಚರ್ ದಾಟಿ ಹೋದ ಚೆಂಡು, ಅಡ್ಡಾದಿಡ್ಡಿ ಎಸೆತ ಮತ್ತು ಬಿಟ್ಟ ಕ್ಯಾಚ್, ನಿಜವಾದ ಹಿಟ್. ಮೊದಲ ಮೂರರ ಮೊತ್ತ ಹಿಟ್‌ಗಳಿಗಿಂತ ದೊಡ್ಡದಿದ್ದರೆ ಅಭ್ಯಾಸದಲ್ಲಿ ಸರಿಪಡಿಸಬಹುದು, ಅತಿ ದೊಡ್ಡ ಕಲಂ ಯಾವುದೋ ಅದೇ ಮುಂದಿನ ಅಭ್ಯಾಸದ ವಿಷಯ. ಹಿಟ್‌ಗಳೇ ಹೆಚ್ಚಿದ್ದು ಪುಕ್ಕಟೆ ಬೇಸ್ ಕಡಿಮೆಯಿದ್ದರೆ ಎದುರಾಳಿ ನಿಮಗಿಂತ ಒಂದು ಮಟ್ಟ ಮೇಲಿದ್ದಾರೆ. ಅದನ್ನು ಲೀಗ್‌ನವರ ಗಮನಕ್ಕೆ ತನ್ನಿ, ಮಕ್ಕಳ ತಲೆಗೆ ಕಟ್ಟಬೇಡಿ.

ಅಭ್ಯಾಸಕ್ಕೆ 75 ನಿಮಿಷ ಸಾಕು. ಸೋಲಿನ ಭಾಷಣದಿಂದ ಶುರುಮಾಡಬೇಡಿ, ಚೆಂಡು ಹಿಡಿಸಿ.

ಮೊದಲ ಹತ್ತು ನಿಮಿಷ ಜೋಡಿಯಾಗಿ 45 ಅಡಿ ದೂರದಿಂದ ಎದೆಮಟ್ಟಕ್ಕೆ ಎಸೆತ. ಸತತ ಹತ್ತು ಸರಿಯಾಗಬೇಕು, ಒಂದು ತಪ್ಪಿದರೆ ಎಣಿಕೆ ಮತ್ತೆ ಸೊನ್ನೆಯಿಂದ.

ಅದೇ ಹೊತ್ತಿಗೆ ಕ್ಯಾಚರ್‌ಗಳು ಒಂದು ಕಡೆ, ಪೂರ್ತಿ ರಕ್ಷಾಕವಚ ತೊಟ್ಟು, ಮೆತ್ತಗಿನ ಚೆಂಡಿನಲ್ಲಿ. ಕೈ ಬೆನ್ನ ಹಿಂದೆ ಕಟ್ಟಿ, ಗದ್ದ ಎದೆಗೆ ತಾಗಿಸಿ, ಪುಟಿದು ಬರುವ ಚೆಂಡನ್ನು ಎದೆಯಿಂದಲೇ ತಡೆದು ಮುಂದಕ್ಕೆ ಬೀಳಿಸಬೇಕು. ಎಂಟರಂತೆ ಮೂರು ಸಲ. ಕೈಯಲ್ಲಿ ಹಿಡಿಯಲು ಹೋಗುವುದೇ ಇಲ್ಲಿನ ಸಾಮಾನ್ಯ ತಪ್ಪು, ಕೈ ಕಟ್ಟಿಸುವುದು ಅದಕ್ಕಾಗಿಯೇ.

ಮುಂದಿನ ಹದಿನೈದು ನಿಮಿಷ ಬ್ಯಾಕಪ್. ಶಾರ್ಟ್‌ಸ್ಟಾಪ್‌ಗೆ ಚೆಂಡು ಹೊಡೆಯಿರಿ. ಮೊದಲ ಬೇಸ್‌ನವರು ಎಸೆತವನ್ನು ಬೇಕೆಂತಲೇ ಬಿಟ್ಟುಬಿಡಲಿ. ಬ್ಯಾಟಿಗೆ ಚೆಂಡು ತಾಗಿದ ಸದ್ದಿಗೇ ರೈಟ್ ಫೀಲ್ಡರ್ ಓಡಿ ಮೊದಲ ಬೇಸ್‌ನ ಹಿಂದೆ, ಎಸೆತದ ನೇರಕ್ಕೆ ಬಂದಿರಬೇಕು. ಎಸೆತ ತಪ್ಪಿದ ಮೇಲೆ ಓಡಿದರೆ ಯಾವಾಗಲೂ ತಡ.

ಕೊನೆಯ ಇಪ್ಪತ್ತೈದು ನಿಮಿಷ ಪಂದ್ಯ. ಮೂರೂ ಬೇಸ್ ತುಂಬಿವೆ, ಔಟ್ ಸೊನ್ನೆ, ಕೋಚ್ ಪಿಚ್ ಮಾಡುತ್ತಾರೆ. ಫೀಲ್ಡಿಂಗ್ ಮಾಡುವವರು ಐದು ರನ್ ಹೋಗುವ ಮೊದಲು ಮೂರು ಔಟ್ ಪಡೆಯಬೇಕು. ಪಡೆದರೆ ಅವರಿಗೆ ಬ್ಯಾಟಿಂಗ್, ಇಲ್ಲದಿದ್ದರೆ ಮತ್ತೊಂದು ಸುತ್ತು. ಎರಡು ಸುತ್ತಿನೊಳಗೆ ಮಕ್ಕಳೇ "ಮೊದಲ ಬೇಸ್, ಮೊದಲ ಬೇಸ್" ಅಂತ ಒಬ್ಬರಿಗೊಬ್ಬರು ಕೂಗಿಕೊಳ್ಳುವುದು ಕೇಳಿಸಬೇಕು. ಬ್ಯಾಕಪ್‌ಗೂ ಈ ಪಂದ್ಯಕ್ಕೂ ನಡುವೆ ಉಳಿದ ಹೊತ್ತನ್ನು ಬ್ಯಾಟಿಂಗ್‌ಗೆ ಬಿಡಿ.

ವಿಶ್ರಾಂತಿಯ ದಿನ ಬಾಕಿ ಇರುವ ಪಿಚರ್ ಅಭ್ಯಾಸದಲ್ಲೂ ದಿಬ್ಬ ಹತ್ತುವುದು ಬೇಡ. ಮುಂದಿನ ಪಂದ್ಯಕ್ಕೆ ಅವನ ದಿನಗಳು ಮುಗಿದಿದ್ದರೆ ಮೊದಲ ಇನಿಂಗ್ಸ್ ಅವನಿಗೇ ಕೊಡಿ, ಮತ್ತು ಅದನ್ನು ಪಂದ್ಯದ ಬೆಳಿಗ್ಗೆಯವರೆಗೆ ಕಾಯಿಸದೆ ಅಭ್ಯಾಸದ ದಿನವೇ ಹೇಳಿ.